ಹಾಡೋದು ಮಗು, ಗೆಲ್ಲಬೇಕಾದ್ದು ಅಪ್ಪ!

ಟಿ.ವಿ.ಯವರ ಆಡಿಷನ್ ಅಂದರೆ ಸಾಕು, ಬೆಳಗಿನ ಜಾವಕ್ಕೇ ಕ್ಯೂ. ಮಕ್ಕಳಿಗೆ ನಿದ್ದೆಗಣ್ಣು, ಮುಖಕ್ಕೆ ಪೌಡರ್. ಕೆಲಸಕ್ಕೆ ರಜೆ ಹಾಕಿ ಬಂದ ಅಪ್ಪ ‘ಜಡ್ಜ್ ಮುಂದೆ ನಗ್ತಾ ಹಾಡು’ ಎಂದು ಹತ್ತನೇ ಸಲ ಹೇಳುತ್ತಿರುತ್ತಾನೆ.

ಗೇಲಿ ಮಾಡುವುದು ಸುಲಭ ಸ್ವಾಮಿ. ಸಂಗೀತದ ಮೇಷ್ಟ್ರೇ ಇಲ್ಲದ ಊರಿನ ಮಗುವಿಗೆ ಈ ವೇದಿಕೆ ಸಣ್ಣದಲ್ಲ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೇಳುತ್ತಿದ್ದ ಬುದ್ಧಿಮಾತು ಕೇಳಲೆಂದೇ ಜನ ಟಿ.ವಿ. ಮುಂದೆ ಕೂರುತ್ತಿದ್ದರು. 2016ರಲ್ಲಿ ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ ಬಂದ ಮೇಲಂತೂ ಹಾಡು ಬಾರದ ಮಕ್ಕಳ ಮನೆಗೂ ಆಸೆ ಹೊಕ್ಕಿತು.

ಮಗು ಆಯ್ಕೆಯಾಗದಿದ್ದರೆ ಅಪ್ಪ ದಾರಿಯುದ್ದಕ್ಕೂ ಮಾತಾಡೋದಿಲ್ಲ. ಹಾಡಿದ್ದೇ ತಪ್ಪಾಯ್ತೇನೋ ಎಂದು ಮಗು ಮುದುಡಿ ಕೂರುತ್ತದೆ. ಇದಕ್ಕೆ ಪ್ರೋತ್ಸಾಹ ಅಂತಾರಾ?

ಆಯ್ಕೆಯಾದರೆ ಬೇರೆ ಕತೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮದ ಪ್ರಕಾರ 14 ತುಂಬದ ಕಲಾವಿದರಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ಕ್ಯಾಮೆರಾ ಮುಂದೆ ನಿಲ್ಲಿಸುವಂತೆಯೇ ಇಲ್ಲ! ಕ್ಯೂನಲ್ಲಿ ನಿಂತ ಎಷ್ಟು ಅಪ್ಪಂದಿರು ‘ನಿನಗೆ ಇಷ್ಟಾನೇನೋ?’ ಎಂದು ಕೇಳಿರುತ್ತಾರೋ ದೇವರೇ ಬಲ್ಲ.

ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿಯನ್ನೂ ನಿರ್ಮಾಪಕರು ಪಡೆದಿರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರ ಪ್ರತಿ ತೋರಿಸಿ ಅನ್ನಿ, ಏನಂತಾರೆ ನೋಡೋಣ.