ಧೂಳನ್ನು ಕರೆಯುವ ಬಟ್ಟೆ

ಬೆಳಗಿನ ಪಾಳಿಗೆ ಹೊಟೇಲಿನ ಬಾಗಿಲು ತೆರೆಯುವ ಮುನ್ನವೇ ಇನ್ನೊಂದು ದುಡಿಮೆಯನ್ನು ಮುಗಿಸಿ ಬರುವವರು ನಮ್ಮ ವಾಚಕರಲ್ಲಿ ಇದ್ದಾರೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಹೌಸಿಂಗ್ ಸೊಸಾಯಿಟಿಗಳಲ್ಲಿ ನಸುಕಿನ ಐದು ಗಂಟೆಗೆ ಬಕೆಟು ಹಿಡಿದು ಕಾರು ಒರೆಸುವವರ ಸಾಲಿನಲ್ಲಿ ನಮ್ಮ ಊರಿನ ಮುಖಗಳನ್ನು ನಾವು ಕಂಡಿದ್ದೇವೆ. ಇಂದು ನಾವು ಬರೆಯಹೊರಟಿರುವುದು ಅವರ ಕೈಯಲ್ಲಿರುವ ಬಟ್ಟೆಯನ್ನು ಕುರಿತು. ವಿಷಯವು ಕ್ಷುಲ್ಲಕವೆಂದು ಪುಟ ತಿರುವಹೊರಟವರು ಕ್ಷಣಕಾಲ ತಾಳಬೇಕು. ಈ ಬಟ್ಟೆಯ ದೆಸೆಯಿಂದ ಒಬ್ಬ ತರುಣನ ಕೈಯಿಂದ ನಾಲ್ಕು ಕಾರುಗಳ ಕೆಲಸ ತಪ್ಪಿಹೋಯಿತು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದ್ದಿತು.

ನಾವು ಪತ್ರಿಕೆಯ ಕೆಲಸಕ್ಕೆ ಬರುವ ಮುಂಚೆ ಠಾಣೆಯಲ್ಲಿ ಹೊಟೇಲು ನಡೆಸುತ್ತಿದ್ದೆವು. ಕುಂದಾಪುರದ ಕಡೆಯಿಂದ ಬಂದಿದ್ದ ಆ ತರುಣ ನಮ್ಮಲ್ಲಿ ಸಪ್ಲಾಯರನಾಗಿದ್ದ. ಬೆಳಿಗ್ಗೆ ಹತ್ತಿರದ ಸೊಸಾಯಿಟಿಯಲ್ಲಿ ಕೆಲವು ಕಾರುಗಳನ್ನು ಒರೆಸಿ, ಆ ಹಣವನ್ನು ಮುಟ್ಟದೆ ಊರಿಗೆ ಕಳುಹಿಸುತ್ತಿದ್ದ. ನಮ್ಮ ಕರಿಯ ಬಣ್ಣದ ಹಳೆಯ ಕಾರನ್ನೂ ಅವನೇ ನೋಡಿಕೊಳ್ಳುತ್ತಿದ್ದುದರಿಂದ ಮೈಕ್ರೋಫೈಬರ್ ಬಟ್ಟೆಗಳನ್ನು ನಾವೇ ಕೊಂಡು ಕೊಟ್ಟಿದ್ದೆವು. ಹೊಟೇಲಿನ ನ್ಯಾಪ್ಕಿನ್ನುಗಳೊಂದಿಗೆ ಅವೂ ಲಾಂಡ್ರಿಗೆ ಹೋಗಿ, ದೊಡ್ಡ ಡ್ರೈಯರಿನಲ್ಲಿ ಸುಡುಸುಡು ಒಣಗಿ ಬರುತ್ತಿದ್ದವು. ಹಣ ಉಳಿಯಿತೆಂದು ನಾವು ಸಂತೋಷಪಟ್ಟಿದ್ದೂ ಉಂಟು.

ಜನವರಿಯ ಒಂದು ಬೆಳಿಗ್ಗೆ ನೋಡುತ್ತೇವೆ, ಆಗತಾನೇ ಒರೆಸಿದ ಕಾರಿನ ಮೇಲೆ ಧೂಳು ಹಿಟ್ಟಿನಂತೆ ಕುಳಿತಿದೆ. ಅರ್ಧ ಗಂಟೆಯೂ ಆಗಿರಲಿಲ್ಲ. ನಾವು ಗಲ್ಲಾದಲ್ಲಿ ಕುಳಿತು, ನಾಲ್ಕು ಗಿರಾಕಿಗಳ ಎದುರಿನಲ್ಲಿಯೇ ಅವನನ್ನು ಗದರಿಸಿದೆವು. ಅವನು, "ಸೇಟ್ರೇ, ನಾನು ಒರೆಸದೆ ಬಿಟ್ಟದ್ದಲ್ಲ. ಒರೆಸಿದಷ್ಟೂ ಬಟ್ಟೆಯೇ ಧೂಳನ್ನು ಎಳೆಯುತ್ತದೆ. ಮಡಚಿದ್ದನ್ನು ಬಿಡಿಸಿದರೆ ಚಟಚಟ ಎನ್ನುತ್ತದೆ" ಎಂದ. ಅದನ್ನು ನಾವು ನೆಪವೆಂದು ಬಗೆದೆವು. ಲಾಂಡ್ರಿಯವರಿಗೆ ಹೇಳಿದಾಗ ಅವರು ಬಟ್ಟೆ ಮೃದುಮಾಡುವ ಸಾಫ್ಟನರ್ ದ್ರವವನ್ನು ಹಾಕಿಕೊಟ್ಟರು. ಚಟಚಟ ಸದ್ದು ನಿಂತಿತು. ಆದರೆ ಬಟ್ಟೆ ನೀರು ಕುಡಿಯುವುದನ್ನೂ ನಿಲ್ಲಿಸಿತು. ಗಾಜಿನ ಮೇಲೆ ಜಿಡ್ಡಿನ ಗೆರೆ, ಬಾನೆಟ್ಟಿನ ಮೇಲೆ ಕೂದಲಿನಷ್ಟು ಸಣ್ಣ ಗೀರು. ತಿಂಗಳು ತುಂಬುವಷ್ಟರಲ್ಲಿ ಸೊಸಾಯಿಟಿಯ ನಾಲ್ವರು ಅವನನ್ನು ಬಿಡಿಸಿದರು.

ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದ ವಿಷಯವನ್ನು ಕಷ್ಟದಿಂದ ದಾಟಿದವರು ನಾವು. ಆದರೂ ಬಾಚಣಿಗೆಯನ್ನು ಒಣ ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿಸಿದ ಆಟ ಮರೆತಿಲ್ಲ. ಬಟ್ಟೆಯಲ್ಲಿ ನಡೆದುದೂ ಅದೇ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಮೈಕ್ರೋಫೈಬರ್ ಎಂದರೆ ಒಂದು ಡೆನಿಯರಿಗಿಂತ ತೆಳುವಾದ ಎಳೆ. 9,000 ಮೀಟರು ಉದ್ದದ ಎಳೆ ಒಂದು ಗ್ರಾಮು ತೂಗಿದರೆ ಅದು ಒಂದು ಡೆನಿಯರು. ಡೊಂಬಿವಲಿಯಿಂದ ರೈಲುಹಳಿಯ ಗುಂಟ ಕಲ್ಯಾಣಕ್ಕೆ ಹೋಗಿ, ಅರ್ಧ ದಾರಿ ಹಿಂದಿರುಗಿ ಬಂದಷ್ಟು ಉದ್ದದ ಎಳೆಯು ಒಂದು ಗ್ರಾಮಿಗೂ ಕಡಿಮೆ ತೂಗುವುದೆಂದರೆ ಅದರ ಸೂಕ್ಷ್ಮತೆಯನ್ನು ಊಹಿಸಬಹುದು. ಜಪಾನಿನ ಟೋರೇ ಕಂಪೆನಿಯಲ್ಲಿ ಮಿಯೋಶಿ ಒಕಮೊಟೊ ಎಂಬ ವಿಜ್ಞಾನಿಯು 1970ರಲ್ಲಿ ಇಂಥ ಎಳೆಯಿಂದ ತೊಗಲಿನಂತಹ ಬಟ್ಟೆಯನ್ನು ಸಿದ್ಧಪಡಿಸಿದನು. ಒರೆಸುವ ಬಟ್ಟೆಯಾಗಿ ನಮ್ಮ ಅಂಗಡಿಗಳಿಗೆ ಅದು ಬಂದುದು ಬಹಳ ತಡವಾಗಿ.

ಕಾರಿನ ಬಟ್ಟೆಯ ಚೀಟಿಯನ್ನು ಓದಿದರೆ ಸಾಮಾನ್ಯವಾಗಿ 80 ಪಾಲು ಪಾಲಿಯೆಸ್ಟರು, 20 ಪಾಲು ಪಾಲಿಯಮೈಡು, ಅಂದರೆ ನೈಲಾನು, ಎಂದಿರುತ್ತದೆ. ಕೆಲವದರಲ್ಲಿ 70 ಮತ್ತು 30. ತೊಂದರೆಯ ಬೇರು ಇರುವುದು ಇಲ್ಲಿಯೇ. ಇವೆರಡೂ ಒಂದಕ್ಕೊಂದು ಉಜ್ಜಿದಾಗ ನೈಲಾನು ಧನ ವಿದ್ಯುತ್ತನ್ನೂ ಪಾಲಿಯೆಸ್ಟರು ಋಣ ವಿದ್ಯುತ್ತನ್ನೂ ಪಡೆಯುತ್ತವೆ. ಡ್ರೈಯರಿನ ಪೀಪಾಯಿಯಲ್ಲಿ ಅವು ಮುಕ್ಕಾಲು ಗಂಟೆ ಹೊರಳಾಡಿ ಉಜ್ಜಿಕೊಳ್ಳುತ್ತವೆ. ವಿದ್ಯುತ್ತು ಇಳಿದುಹೋಗಲು ತೇವ ಬೇಕು, ಬಿಸಿಗಾಳಿಯಲ್ಲಿ ತೇವವೆಲ್ಲಿಯದು? ಮೇಲಾಗಿ, ಸಾಧಾರಣ ಹವೆಯಲ್ಲಿ 100 ಗ್ರಾಮು ಹತ್ತಿಯು ತನ್ನೊಳಗೆ ಸುಮಾರು 8 ಗ್ರಾಮು ತೇವವನ್ನು ಇಟ್ಟುಕೊಂಡಿರುತ್ತದೆ, ನೈಲಾನು ಸುಮಾರು 4 ಗ್ರಾಮು, ಪಾಲಿಯೆಸ್ಟರು ಅರ್ಧ ಗ್ರಾಮನ್ನೂ ಅಲ್ಲ. ನಮ್ಮ ಹೊಟೇಲುಗಳಲ್ಲಿ ಹಳೆಯ ಪಂಚೆಯನ್ನು ಹರಿದು ಮಾಡಿದ ಫಡ್ಕಾ ಎಂದೂ ಚಟಚಟ ಎನ್ನದಿದ್ದುದು ಈ ಕಾರಣದಿಂದ.

ಹಾಗಾದರೆ ಮಳೆಗಾಲದಲ್ಲಿ ಈ ದೂರು ಏಕೆ ಬರಲಿಲ್ಲ ಎಂದು ಕೇಳಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯ ಗಾಳಿಯೇ ಒದ್ದೆ. ಬಟ್ಟೆಯಲ್ಲಿ ಸೇರಿದ ವಿದ್ಯುತ್ತು ತಾನಾಗಿ ಸೋರಿಹೋಗುತ್ತದೆ. ಚಳಿಗಾಲದಲ್ಲಿ ನೆಲದ ಕಡೆಯಿಂದ ಒಣಗಾಳಿ ಬೀಸುತ್ತದೆ. ಗಾಳಿಯ ತೇವಾಂಶವು ನೂರಕ್ಕೆ 40ಕ್ಕಿಂತ ಕೆಳಗಿಳಿದಾಗ ಇಂಥ ವಿದ್ಯುತ್ತಿನ ಕಾಟ ಹೆಚ್ಚು. ಸಮುದ್ರದಿಂದ ದೂರ ಸರಿದಂತೆ, ಕಲ್ಯಾಣದ ಕಡೆಯವರಿಗೆ ಇದರ ಅನುಭವ ಚೆನ್ನಾಗಿ ಆಗುತ್ತದೆ. ಶಿಳ್‌ಫಾಟಾದ ರಸ್ತೆಯ ಧೂಳೂ ಅದಕ್ಕೆ ಸೇರಿದರೆ ಹೇಳುವುದೇ ಬೇಡ.

ಸಾಫ್ಟನರಿನ ಬಗ್ಗೆ ನ್ಯಾಯವಾಗಿ ಹೇಳಬೇಕು. ಅದು ವಿದ್ಯುತ್ತನ್ನು ತಗ್ಗಿಸುವುದು ಸುಳ್ಳಲ್ಲ. ಎಳೆಗಳ ಮೇಲೆ ತೆಳುವಾದ ಜಿಡ್ಡಿನ ಪೊರೆಯನ್ನು ಹಚ್ಚಿಯೇ ತಗ್ಗಿಸುತ್ತದೆ. ಆದರೆ ನೀರನ್ನೂ ಮಣ್ಣಿನ ಕಣವನ್ನೂ ಒಳಗೆ ಸೆಳೆದಿಟ್ಟುಕೊಳ್ಳಬೇಕಾದ ಸಂದುಗಳು ಆ ಪೊರೆಯಿಂದಲೇ ಮುಚ್ಚಿಹೋಗುತ್ತವೆ. ಒಳಗೆ ಹೋಗಬೇಕಾದ ಮರಳಿನ ಕಣವು ಹೊರಗುಳಿದು ಕಾರಿನ ಬಣ್ಣವನ್ನು ಗೀರುತ್ತದೆ. ಡ್ರೈಯರಿನಲ್ಲಿ ಹಾಕುವ ಸುವಾಸನೆಯ ಹಾಳೆಗಳ ಕಥೆಯೂ ಅಷ್ಟೇ.

ಆ ಮೇಲೆ ನಾವು ಅನುಸರಿಸಿದ ಕ್ರಮ ಹೀಗಿದ್ದಿತು. ಮೈಕ್ರೋಫೈಬರನ್ನು ಹತ್ತಿಯ ಬಟ್ಟೆಗಳೊಡನೆ ಸೇರಿಸಲಿಲ್ಲ, ಏಕೆಂದರೆ ಹತ್ತಿಯ ನವಿರನ್ನು ಅದು ಬಾಚಿ ಇಟ್ಟುಕೊಳ್ಳುತ್ತದೆ. ಮೊದಲು ಚೆನ್ನಾಗಿ ಕೊಡವಿ, ಉಗುರುಬೆಚ್ಚಗಿನ ನೀರಿನಲ್ಲಿ ದ್ರವ ಸಾಬೂನನ್ನು ಮಿತವಾಗಿ ಹಾಕಿ ಒಗೆದೆವು. ಪುಡಿ ಪೂರ್ತಿ ಕರಗದಿದ್ದರೆ ಎಳೆಯಲ್ಲಿ ಸಿಕ್ಕಿಕೊಳ್ಳುವ ಭಯವುಂಟು. ಎರಡು ಬಾರಿ ಜಾಲಿಸಿದೆವು. ಉಲ್ಹಾಸ ನದಿಯ ನೀರು ಬರುವ ಕಲ್ಯಾಣ–ಡೊಂಬಿವಲಿಯಲ್ಲಿಯೂ ಮೊರ್ಬೆ ಅಣೆಕಟ್ಟಿನ ನೀರು ಬರುವ ನವಿ ಮುಂಬಯಿಯಲ್ಲಿಯೂ ನಳದ ನೀರಿಗೆ ಇಷ್ಟು ಸಾಕು. ಬೋರಿನ ಗಡಸು ನೀರಿನ ದಿನ ಕೊನೆಯ ಜಾಲಿಗೆ ನಮ್ಮ ಚೈನೀಸ್ ಕೌಂಟರಿನ ಬಿಳಿಯ ವಿನಿಗರನ್ನು ಬಕೆಟ್ಟಿಗೆ ಮೂರು ನಾಲ್ಕು ಚಮಚ ಹಾಕುತ್ತಿದ್ದೆವು. ಆದರೆ ಒಂದು ಎಚ್ಚರಿಕೆ: ಬ್ಲೀಚಿಗೂ ವಿನಿಗರಿಗೂ ಎಂದಿಗೂ ಸಂಗ ಮಾಡಿಸಬಾರದು, ವಿಷಾನಿಲ ಏಳುತ್ತದೆ. ಈ ಬಟ್ಟೆಗೆ ಬ್ಲೀಚು ಬೇಕಾಗಿಯೂ ಇಲ್ಲ.

ಒಣಗಿಸುವುದರಲ್ಲಿಯೇ ಮುಖ್ಯ ಮರ್ಮವಿದೆ. ಹಿಂಡಿ, ನೆರಳಿನಲ್ಲಿ ಗಾಳಿಗೆ ಹರವಿದರೆ ಸರ್ವೋತ್ತಮ. ಚಾಳಿನ ಗ್ಯಾಲರಿಯ ಹಗ್ಗವಾದರೂ ಸಾಕು. ತೆಳುವಾದ ಬಟ್ಟೆ ಬೇಗ ಆರುತ್ತದೆ. ಮಳೆಗಾಲದಲ್ಲಿ ಡ್ರೈಯರಿಗೇ ಹಾಕಬೇಕಾದರೆ ಅತ್ಯಂತ ಕಡಿಮೆ ಉಷ್ಣದಲ್ಲಿ ಇಟ್ಟು, ಮುಟ್ಟಿದರೆ ಇನ್ನೂ ತುಸು ಹಸಿ ಎನಿಸುವಾಗಲೇ ತೆಗೆದು, ಉಳಿದುದನ್ನು ಫ್ಯಾನಿನ ಕೆಳಗೆ ಆರಿಸಬೇಕು. ಗರಿಗರಿಯಾಗುವವರೆಗೆ ಬಿಟ್ಟಿರೋ, ಪುನಃ ಚಟಚಟ. ಇಸ್ತ್ರಿಯಂತೂ ಕೂಡದು, ಸೂಕ್ಷ್ಮ ಎಳೆಯ ತುದಿ ಸುಟ್ಟು ಗಡಸಾಗುತ್ತದೆ. ಒಣಹವೆಯ ದಿನ ಒರೆಸುವ ಮುಂಚೆ ಬಟ್ಟೆಯ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಿಕೊಂಡರೆ ಅರ್ಧ ತೊಂದರೆ ಅಲ್ಲಿಯೇ ಮುಗಿಯಿತು. ಒಣ ಬಣ್ಣದ ಮೇಲೆ ಒಣ ಬಟ್ಟೆಯನ್ನು ಬಲವಾಗಿ ಉಜ್ಜುವುದು ಧೂಳಿಗೆ ಕರೆಯೋಲೆ ಕಳುಹಿಸಿದಂತೆಯೇ ಸರಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಕಾರಿಗೆ ಮುಟ್ಟಿಸಬಾರದೆಂಬುದನ್ನು ಆ ತರುಣನೇ ನಮಗೆ ಹೇಳಿದ.

ಸಾಫ್ಟನರ್ ಹತ್ತಿದ್ದ ಬಟ್ಟೆಗಳನ್ನು ಬರಿಯ ಸಾಬೂನಿನಲ್ಲಿ ಮೂರು ನಾಲ್ಕು ಬಾರಿ ಒಗೆದ ಮೇಲೆ ಅವು ಮತ್ತೆ ನೀರು ಕುಡಿಯತೊಡಗಿದವು. ನಾವು ಅವನೊಡನೆ ಸೊಸಾಯಿಟಿಗೆ ಹೋಗಿ, ತಪ್ಪು ಬಟ್ಟೆ ಒಣಗಿಸಿದವರದು, ಒರೆಸಿದವನದಲ್ಲ ಎಂದು ನಾಲ್ಕು ಮನೆಯವರಿಗೂ ತಿಳಿಸಿದೆವು. ಮೂವರು ಒಪ್ಪಿ ಪುನಃ ಕೆಲಸ ಕೊಟ್ಟರು. ನಾಲ್ಕನೆಯವರು ಅಷ್ಟರಲ್ಲಿ ಬೇರೊಬ್ಬನನ್ನು ಗೊತ್ತುಮಾಡಿಕೊಂಡಿದ್ದರು. ಆ ಒಂದು ಕಾರಿನ ತಿಂಗಳ ಹಣವನ್ನು, ಅವನು ನಮ್ಮಲ್ಲಿ ಇರುವವರೆಗೆ, ಗಲ್ಲಾದಿಂದ ಕೊಡುತ್ತ ಬಂದೆವು. ಮೊದಲ ತಿಂಗಳು ಅವನು ಅದನ್ನು ಬೇಡವೆಂದ.