ಹರಾಜಿನ ಬಂದೂಕು, ವರ್ತಕನ ಮೇಜು

1963ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ, ಅಮೆರಿಕದ ಡಲ್ಲಾಸ್ ನಗರದ ತರುಣನೊಬ್ಬನು ಪತ್ರಿಕೆಯ ಜಾಹೀರಾತಿನಲ್ಲಿದ್ದ ಚೀಟಿಯೊಂದನ್ನು ಕತ್ತರಿಸಿ, ಅದರ ಮೇಲೆ ಎ. ಹೈಡೆಲ್ ಎಂಬ ಸುಳ್ಳು ಹೆಸರನ್ನು ಬರೆದು, ಮನಿಯಾರ್ಡರಿನೊಡನೆ ಷಿಕಾಗೋದ ಕ್ಲೈನ್ಸ್ ಎಂಬ ಅಂಗಡಿಗೆ ಕಳುಹಿಸಿದನು. ಇಟಲಿಯ ಸೈನ್ಯವು ಬಳಸುತ್ತಿದ್ದ ಹಳೆಯ ರೈಫಲೊಂದು, ದುರ್ಬೀನು ಸಹಿತವಾಗಿ, 19.95 ಡಾಲರಿನ ಬೆಲೆಗೆ ಅವನ ಅಂಚೆಪೆಟ್ಟಿಗೆಯ ವಿಳಾಸಕ್ಕೆ ಬಂದಿತು. ಕೊಂಡವನ ಮುಖವನ್ನು ಮಾರಿದವನು ನೋಡಲಿಲ್ಲ; ಹೆಸರು ನಿಜವೇ ಎಂದು ವಿಚಾರಿಸಿದವರೂ ಇಲ್ಲ. ಅದೇ ವರ್ಷದ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯವರ ಪ್ರಾಣವನ್ನು ಹರಣಮಾಡಿದ ಆಯುಧವು ಇದೇ ಎಂದು, ಆ ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗವು ನಿರ್ಣಯಿಸಿತು.

ಆ ದಾರುಣ ಘಟನೆಯ ನೆನಪೂ, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿಯವರ ಹತ್ಯೆಗಳಿಂದ ಕಲಕಿಹೋದ ಜನಮನದ ಒತ್ತಾಯವೂ ಕೂಡಿ, ಅದೇ ವರ್ಷದ ಅಕ್ಟೋಬರಿನಲ್ಲಿ ಆಯುಧ ನಿಯಂತ್ರಣದ ಕಾಯಿದೆಯು ಅಂಗೀಕಾರವಾಯಿತು. ಒಂದು ಸಂಸ್ಥಾನದ ಸಾಮಾನ್ಯ ಪ್ರಜೆಯು ಇನ್ನೊಂದು ಸಂಸ್ಥಾನದವನಿಂದ ನೇರವಾಗಿ ಬಂದೂಕನ್ನು ತರಿಸಿಕೊಳ್ಳುವುದನ್ನು ಅದು ನಿಷೇಧಿಸಿ, ಕೇಂದ್ರ ಸರ್ಕಾರದ ಪರವಾನಗಿಯುಳ್ಳ ವರ್ತಕನನ್ನು ಇಬ್ಬರ ನಡುವೆ ನಿಲ್ಲಿಸಿತು. ಇಂದು ಅಂತರ್ಜಾಲದಲ್ಲಿ ನಡೆಯುವ ಬಂದೂಕಿನ ಹರಾಜುಗಳಲ್ಲಿ ಏನಾದರೂ ಸುರಕ್ಷತೆ ಇರುವುದಾದರೆ, ಅದು ಈ ವರ್ತಕನ ಮೇಜಿನಿಂದ ಬಂದುದೇ ಹೊರತು ಜಾಲದ ಚಾತುರ್ಯದಿಂದ ಬಂದುದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

1999ರಲ್ಲಿ ಈಬೇ ಎಂಬ ಪ್ರಸಿದ್ಧ ಹರಾಜುತಾಣವು ಬಂದೂಕುಗಳನ್ನು ತನ್ನಲ್ಲಿ ಮಾರಕೂಡದೆಂದು ವಿಧಿಸಿತು. ಅದೇ ವರ್ಷ ಅವುಗಳಿಗೆಂದೇ ಗನ್‌ಬ್ರೋಕರ್ ಎಂಬ ಪ್ರತ್ಯೇಕ ತಾಣವು ಹುಟ್ಟಿಕೊಂಡಿತು. ಮಾರುವವನು ಚಿತ್ರಗಳನ್ನೂ ವಿವರಣೆಯನ್ನೂ ಪ್ರಕಟಿಸುತ್ತಾನೆ. ಕೊಳ್ಳುವವರು ದೂರದೂರದ ಊರುಗಳಲ್ಲಿ ಕುಳಿತು ಸವಾಲು ಏರಿಸುತ್ತಾರೆ. ಆದರೆ ಅತ್ಯಧಿಕ ಬೆಲೆಯನ್ನು ಕೂಗಿದವನು ಹಣ ತೆತ್ತ ಮಾತ್ರಕ್ಕೆ ಬಂದೂಕು ಅವನ ಮನೆಯ ಬಾಗಿಲಿಗೆ ಬರುವುದಿಲ್ಲ. ಅವನು ತನ್ನ ಊರಿನ ಪರವಾನಗಿದಾರ ವರ್ತಕನೊಬ್ಬನನ್ನು ಗೊತ್ತುಮಾಡಿಕೊಳ್ಳಬೇಕು. ಪೆಟ್ಟಿಗೆಯು ಆ ವರ್ತಕನ ಹೆಸರಿಗೇ ಹೋಗಿ ಸೇರಬೇಕು.

ವರ್ತಕನು ಪೆಟ್ಟಿಗೆಯನ್ನು ಬಿಚ್ಚಿ, ನಳಿಗೆಯಲ್ಲಿ ತೋಟಾ ಉಳಿದಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ಲೋಹದ ಮೇಲೆ ಕೆತ್ತಿರುವ ಕ್ರಮಸಂಖ್ಯೆಯನ್ನು ತನ್ನ ದಾಖಲೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಬಳಿಕ ಕೊಂಡವನು ಸ್ವತಃ ಬಂದು, ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ತೋರಿಸಿ, 4473 ಎಂಬ ಸಂಖ್ಯೆಯ ನಮೂನೆಯನ್ನು ಭರ್ತಿಮಾಡಬೇಕು. ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇ ಹೌದೇ ಎಂಬುದು ಅದರಲ್ಲಿನ ಅತಿಮುಖ್ಯವಾದ ಪ್ರಶ್ನೆಗಳಲ್ಲೊಂದು. ಅನ್ಯನೊಬ್ಬನಿಗಾಗಿ ಕೊಳ್ಳುತ್ತ ತನಗೆಂದು ಬರೆಯುವುದು ಅಪರಾಧವೆಂಬುದನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿದೆ. ಘೋರಾಪರಾಧಕ್ಕೆ ಶಿಕ್ಷೆಯಾಗಿದೆಯೇ, ಮನೆಯವರ ಮೇಲಿನ ಹಲ್ಲೆಗಾಗಿ ಅಪರಾಧಿಯೆಂದು ತೀರ್ಮಾನವಾದದ್ದುಂಟೇ, ಮಾದಕದ್ರವ್ಯದ ಅಭ್ಯಾಸವಿದೆಯೇ ಎಂಬ ಪ್ರಶ್ನೆಗಳೂ ಅಲ್ಲಿವೆ. ಅನಂತರ ವರ್ತಕನು ಎಫ್‌ಬಿಐ ನಡೆಸುವ ಪರಿಶೀಲನಾ ವ್ಯವಸ್ಥೆಯನ್ನೋ, ಕೆಲವು ಸಂಸ್ಥಾನಗಳಲ್ಲಿ ಅಲ್ಲಿಯ ಅಧಿಕಾರಿಗಳನ್ನೋ ಕೇಳುತ್ತಾನೆ. ಅಧ್ಯಕ್ಷ ರೇಗನ್ನರ ಮೇಲೆ 1981ರಲ್ಲಿ ನಡೆದ ಗುಂಡಿನ ದಾಳಿಯಲ್ಲಿ ತಲೆಗೆ ಪೆಟ್ಟುಬಿದ್ದ ಜೇಮ್ಸ್ ಬ್ರೇಡಿಯವರ ಹೆಸರಿನ ಕಾಯಿದೆಯಂತೆ 1998ರಲ್ಲಿ ಆರಂಭವಾದ ಈ ವ್ಯವಸ್ಥೆಯು ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ.

ಉತ್ತರವು ತಡವಾಗಿ, ಮೂರು ಕೆಲಸದ ದಿನಗಳು ಕಳೆದರೆ, ಕೇಂದ್ರದ ಕಾಯಿದೆಯ ಪ್ರಕಾರ ವರ್ತಕನು ಸಾಮಾನ್ಯವಾಗಿ ಬಂದೂಕನ್ನು ಕೊಡಬಹುದು, ಆದರೆ ಕೊಡಲೇಬೇಕೆಂದಿಲ್ಲ. 2015ರಲ್ಲಿ ಚಾರ್ಲ್ಸ್‌ಟನ್ನಿನ ಇಗರ್ಜಿಯಲ್ಲಿ ಒಂಬತ್ತು ಮಂದಿ ಭಕ್ತರನ್ನು ಕೊಂದವನಿಗೆ ಆಯುಧವು ದೊರೆತದ್ದು ಈ ಸಂದಿನಿಂದಲೇ. ಉತ್ತರ ಬರುವವರೆಗೂ ಕಾಯುವೆನೆನ್ನುವ ವರ್ತಕನನ್ನೇ ಆರಿಸಿಕೊಳ್ಳುವುದು ಸಜ್ಜನನಾದ ಗ್ರಾಹಕನಿಗೆ ಒಪ್ಪತಕ್ಕ ನಡತೆ.

ಕೊಳ್ಳುವವನು ಸವಾಲು ಕೂಗುವ ಮುನ್ನವೇ ತನ್ನ ವರ್ತಕನೊಡನೆ ಮಾತನಾಡಿ, ಶುಲ್ಕವೆಷ್ಟು, ಆ ಬಗೆಯ ಆಯುಧಕ್ಕೆ ತನ್ನ ಸಂಸ್ಥಾನದಲ್ಲಿ ಅವಕಾಶವುಂಟೇ ಎಂಬುದನ್ನು ತಿಳಿದುಕೊಳ್ಳಬೇಕು. ಕ್ಯಾಲಿಫೋರ್ನಿಯದಲ್ಲಾದರೆ ಹತ್ತು ದಿನಗಳ ಕಾಯುವಿಕೆಯೂ ಉಂಟು. ಮಾರುವವನ ಹಿಂದಿನ ವ್ಯವಹಾರಗಳನ್ನು ಕುರಿತು ಇತರರು ಬರೆದುದನ್ನು ಓದಬೇಕು. ಹಿಂತಿರುಗಿ ಪಡೆಯಲು ಮಾರ್ಗವಿಲ್ಲದ ರೀತಿಯಲ್ಲಿ ಹಣವನ್ನು ಬೇಡುವವನಿಂದ ದೂರವಿರಬೇಕು. ಮಾರುವವನಾದರೋ, ಹಣ ಕೈಸೇರಿದ್ದರೂ, ವರ್ತಕನ ಪರವಾನಗಿಯ ಪ್ರತಿಯನ್ನು ತರಿಸಿ, ಅದರ ಸಂಖ್ಯೆಯು ಸರಿಯೇ ಎಂಬುದನ್ನು ಸರ್ಕಾರದ ತಾಣದಲ್ಲಿ ಪರೀಕ್ಷಿಸಿದ ಮೇಲೆಯೇ ಪೆಟ್ಟಿಗೆಯನ್ನು ಕಟ್ಟತಕ್ಕದ್ದು. ಒಳಗೆ ಬಂದೂಕಿದೆ ಎಂಬ ಸೂಚನೆಯೂ ಪೆಟ್ಟಿಗೆಯ ಹೊರಮೈಮೇಲೆ ಇರಕೂಡದು.

ಇಷ್ಟೆಲ್ಲ ಕಟ್ಟುಪಾಡಿದ್ದರೂ ಒಂದು ದೊಡ್ಡ ಬಿರುಕು ಉಳಿದಿದೆ. ಒಂದೇ ಸಂಸ್ಥಾನದ ಇಬ್ಬರು ಖಾಸಗಿ ವ್ಯಕ್ತಿಗಳು ಜಾಲದ ಜಾಹೀರಾತಿನ ಮೂಲಕ ಪರಿಚಯವಾಗಿ ಕೈಗೆಕೈ ವ್ಯಾಪಾರಮಾಡಿದರೆ, ಅನೇಕ ಸಂಸ್ಥಾನಗಳಲ್ಲಿ ಯಾವ ಪರಿಶೀಲನೆಯೂ ಕಡ್ಡಾಯವಲ್ಲ. 2012ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಆಯುಧವಿಟ್ಟುಕೊಳ್ಳಕೂಡದೆಂದು ನ್ಯಾಯಾಲಯದ ಆಜ್ಞೆಯಿದ್ದವನೊಬ್ಬನು ಆರ್ಮ್ಸ್‌ಲಿಸ್ಟ್ ಎಂಬ ತಾಣದ ಜಾಹೀರಾತಿನಿಂದ ಪಿಸ್ತೂಲನ್ನು ಕೊಂಡು, ಹೆಂಡತಿಯನ್ನೂ ಇನ್ನಿಬ್ಬರು ಸ್ತ್ರೀಯರನ್ನೂ ಕೊಂದನು. ತಾಣವನ್ನು ಇದಕ್ಕೆ ಹೊಣೆಮಾಡಲಾಗದೆಂದು 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕಾಯಿದೆಯು ಕೇಳದಿದ್ದರೂ ಇಂತಹ ವ್ಯಾಪಾರವನ್ನು ವರ್ತಕನ ಮೇಜಿನ ಮೇಲೆಯೇ ನಡೆಸುವ ಸ್ವಾತಂತ್ರ್ಯವು ಮಾರುವವನಿಗೆ ಉಂಟು. ಅದನ್ನು ಉಪಯೋಗಿಸದಿರುವುದು ಅಕ್ಷಮ್ಯವೆಂದೇ ನಾನು ಭಾವಿಸುತ್ತೇನೆ.

ಅಮೆರಿಕದಲ್ಲಿ ನೆಲಸಿರುವ ನಮ್ಮವರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಕೋವಿಯನ್ನು ಪರವಾನಗಿಯಿಲ್ಲದೆ ಇರಿಸಿಕೊಳ್ಳುವ ವಿನಾಯಿತಿಯನ್ನು ಅನುಭವಿಸುತ್ತ, ಕೈಲ್ ಪೊಳ್ದ್ ಹಬ್ಬದಲ್ಲಿ ಅದನ್ನು ಪೂಜಿಸುತ್ತ ಬೆಳೆದ ಕೊಡವ ತರುಣನಿಗೆ, ಆ ದೇಶದಲ್ಲಿ ಬಂದೂಕು ಸುಲಭವಾಗಿ ದೊರೆಯುವುದನ್ನು ಕಂಡು ತಾನೂ ಒಂದನ್ನು ಕೊಳ್ಳುವ ಆಸೆಯಾಗುವುದು ಸಹಜ. ಆದರೆ ಎಚ್1ಬಿ ಮೊದಲಾದ ತಾತ್ಕಾಲಿಕ ವೀಸಾದ ಮೇಲೆ ಇರುವವರಿಗೆ, ಬೇಟೆಯ ಪರವಾನಗಿ ಪಡೆದಿರುವುದೇ ಮುಂತಾದ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನು ಕೊಳ್ಳುವುದೂ ಇರಿಸಿಕೊಳ್ಳುವುದೂ ಕೇಂದ್ರದ ಕಾಯಿದೆಯಂತೆ ಅಪರಾಧ. ಸೆರೆವಾಸವಲ್ಲದೆ ದೇಶದಿಂದ ಹೊರದೂಡಲ್ಪಡುವ ಭಯವೂ ಅದಕ್ಕೆ ಅಂಟಿಕೊಂಡಿದೆ. ಗ್ರೀನ್ ಕಾರ್ಡು ಕೈಗೆ ಬರದಿರುವವರು, ವಿಷಯ ಬಲ್ಲ ವಕೀಲರೊಬ್ಬರನ್ನು ಕೇಳದೆ ಯಾವ ಹರಾಜಿನಲ್ಲಿಯೂ ಸವಾಲು ಕೂಗಬಾರದೆಂದು ವಿನಂತಿಸುತ್ತೇನೆ.