ಬೆಲ್ ಹೌಸಿಂಗ್

ಬೆಲ್ ಹೌಸಿಂಗ್ ಎಂಬುದು ಮೋಟಾರು ವಾಹನದ ಎಂಜಿನ್ ಮತ್ತು ಗೇರ್‌ಪೆಟ್ಟಿಗೆಗಳ ನಡುವೆ ಇರುವ ಲೋಹದ ಕವಚವಾಗಿದೆ. ಫ್ಲೈವೀಲ್ ಮತ್ತು ಕ್ಲಚ್ ಇದರೊಳಗೆ ಇರುತ್ತವೆ. ಎಂಜಿನ್ ಕಡೆಗೆ ಅಗಲವಾಗಿ, ಗೇರ್‌ಪೆಟ್ಟಿಗೆಯ ಕಡೆಗೆ ಕಿರಿದಾಗುತ್ತಾ ಹೋಗುವ ಗಂಟೆಯ ಆಕಾರದಿಂದ ಇದಕ್ಕೆ ಈ ಹೆಸರು ಬಂದಿದೆ. ಕ್ಲಚ್ ಪ್ಲೇಟ್ ಸವೆದಾಗ ಅದನ್ನು ಬದಲಾಯಿಸಲು ಮೊದಲು ಈ ಕವಚವನ್ನು ಎಂಜಿನ್ನಿನಿಂದ ಬೇರ್ಪಡಿಸಬೇಕು. ಸ್ಪೋರ್ಟ್ಸ್ ಕಾರಿಗೂ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಭಾಗದ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರಿಗೂ ಈ ಕೆಲಸದ ತತ್ತ್ವ ಒಂದೇ. ಹೊಸ ಪ್ಲೇಟ್ ಕೂರಿಸುವುದಕ್ಕಿಂತ ಬಿಗಿದುಕೊಂಡ ಕವಚವನ್ನು ಬಿಡಿಸುವುದೇ ಅನೇಕ ಬಾರಿ ಹೆಚ್ಚು ಶ್ರಮದ ಕೆಲಸವಾಗುತ್ತದೆ.

ರಚನೆ

ಬೆಲ್ ಹೌಸಿಂಗ್ ಎಂಜಿನ್ನಿನ ಹಿಂಭಾಗಕ್ಕೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಆದರೆ ಅದನ್ನು ನಿಖರವಾದ ಸ್ಥಾನದಲ್ಲಿ ನಿಲ್ಲಿಸುವುದು ಬೋಲ್ಟುಗಳಲ್ಲ, ಡೋವೆಲ್ ಪಿನ್ ಎಂಬ ಉಕ್ಕಿನ ಗೂಟಗಳು. ಸಾಮಾನ್ಯವಾಗಿ ಇವು ಎರಡು ಇರುತ್ತವೆ. ಗೇರ್‌ಪೆಟ್ಟಿಗೆಯಿಂದ ಹೊರಚಾಚಿದ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ, ಅಂದರೆ ಸ್ಪ್ಲೈನುಗಳ, ಮೂಲಕ ಹಾದುಹೋಗುತ್ತದೆ. ಹಲವು ವಾಹನಗಳಲ್ಲಿ ಅದರ ತುದಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕುಳಿತಿರುತ್ತದೆ. ಈ ಎರಡು ಶಾಫ್ಟುಗಳ ಮಧ್ಯರೇಖೆಗಳು ಒಂದೇ ಆಗಿರಬೇಕು. ಅಮೆರಿಕದ ವಿ-8 ಎಂಜಿನ್ನುಗಳಲ್ಲಿ ಕವಚದ ರಂಧ್ರದ ಓಲಾಟ 0.005 ಇಂಚು, ಅಂದರೆ ಸುಮಾರು 0.13 ಮಿ.ಮೀ. ಮೀರಬಾರದೆಂಬುದು ರೂಢಿಯ ಮಿತಿ. ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ಉಳಿ, ಸುತ್ತಿಗೆಗಳಿಂದ ಬಿಡಿಸಹೊರಟರೆ ಆಗುವ ಹಾನಿಯನ್ನು ಊಹಿಸಬಹುದು.

ಬಿಗಿಯಾಗಲು ಕಾರಣಗಳು

ಬೋಲ್ಟುಗಳೆಲ್ಲ ಕಳಚಿದ ಮೇಲೂ ಕವಚ ಕದಲದಿದ್ದರೆ ಮೊದಲು ಸಂಶಯಿಸಬೇಕಾದದ್ದು ಕಣ್ತಪ್ಪಿ ಉಳಿದ ಬೋಲ್ಟನ್ನು. ಸ್ಟಾರ್ಟರ್ ಮೋಟಾರಿನ ಹಿಂದೆ, ಎಣ್ಣೆ ಕೆಸರಿನ ಪದರದಡಿ, ಕವಚದ ನೆತ್ತಿಯಲ್ಲಿ ಇಂಥವು ಅಡಗಿರುತ್ತವೆ. ಕಳಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ ಅವುಗಳ ಸ್ಥಾನಕ್ಕೆ ಸರಿಯಾಗಿ ಚುಚ್ಚಿಡುವ ಹಳೆಯ ಪದ್ಧತಿ ಇಲ್ಲಿ ಬಹಳ ಉಪಯುಕ್ತ.

ಎರಡನೆಯ ಕಾರಣ ಡೋವೆಲ್ ಪಿನ್ನುಗಳ ತುಕ್ಕು. ಕಾರುಗಳಲ್ಲಿ ಕವಚ ಹೆಚ್ಚಾಗಿ ಅಲ್ಯೂಮಿನಿಯಂನದು, ಪಿನ್ ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದಾಗ ಅಲ್ಯೂಮಿನಿಯಂ ಕೊರೆದು ಬಿಳಿಯ ಪುಡಿಯಾಗಿ ಉಬ್ಬಿ ಪಿನ್ನನ್ನು ಹಿಡಿದುಬಿಡುತ್ತದೆ. ಟ್ರ್ಯಾಕ್ಟರುಗಳ ಎರಕದ ಕಬ್ಬಿಣದ ಕವಚದಲ್ಲಿ ಇದೇ ಕೆಲಸವನ್ನು ಕೆಂಪು ತುಕ್ಕು ಮಾಡುತ್ತದೆ. ಶಾಫ್ಟು ಪ್ಲೇಟಿನ ಸ್ಪ್ಲೈನಿನಲ್ಲೋ ಪೈಲಟ್ ಬೇರಿಂಗಿನಲ್ಲೋ ಹಿಡಿದುಕೊಂಡಿರುವುದೂ ಉಂಟು.

ಸ್ಪೋರ್ಟ್ಸ್ ಕಾರುಗಳಲ್ಲಿ

ಬ್ರಿಟನ್ನಿನ ಎಂಜಿಬಿ ಕಾರಿನಲ್ಲಿ ಕ್ಲಚ್ ಬದಲಾವಣೆಗೆ ಎಂಜಿನ್ ಮತ್ತು ಗೇರ್‌ಪೆಟ್ಟಿಗೆಗಳನ್ನು ಒಟ್ಟಿಗೇ ಮೇಲೆತ್ತುವುದು ವಾಡಿಕೆ. ಟ್ರಯಂಫ್ ಟಿಆರ್6ರಲ್ಲಿ ಗೇರ್‌ಪೆಟ್ಟಿಗೆಯನ್ನು ಚಾಲಕನ ಕೋಣೆಯೊಳಗಿಂದ ಹೊರತೆಗೆಯುತ್ತಾರೆ. ಪೋರ್ಶೆ 944ರಲ್ಲಿ ಎಂಜಿನ್ ಮುಂದೆ, ಗೇರ್‌ಪೆಟ್ಟಿಗೆ ಹಿಂದೆ ಇದ್ದು, ನಡುವೆ ಉದ್ದನೆಯ ಕೊಳವೆಯಿದೆ. ಆದ್ದರಿಂದ ಹಿಂದಿನ ಗೇರ್‌ಪೆಟ್ಟಿಗೆಯನ್ನು ಕಳಚಿ, ಕೊಳವೆಯನ್ನು ಹಿಂದಕ್ಕೆ ಸರಿಸಿದ ನಂತರವಷ್ಟೇ ಬೆಲ್ ಹೌಸಿಂಗ್ ಕೈಗೆ ಸಿಗುತ್ತದೆ. ಅದರ ಮೇಲಿರುವ ಎಂಜಿನ್ ವೇಗದ ಸಂವೇದಕಗಳನ್ನು ಮರೆತು ಕವಚವನ್ನು ಎಳೆದರೆ ಅವು ಮುರಿಯುವ ಸಂಭವವಿದೆ.

ರಾಯಚೂರು ಭಾಗದ ಟ್ರ್ಯಾಕ್ಟರುಗಳಲ್ಲಿ

ಮಾನ್ವಿ ತಾಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರು ಬರುತ್ತದೆ. ಕಾಲುವೆಯ ನೀರು ಬಂದಾಗ ಭತ್ತದ ನಾಟಿಗೆ ಗದ್ದೆಯನ್ನು ಕೆಸರು ಮಾಡಲು ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಕೇಜ್ ಚಕ್ರ ತೊಡಿಸುತ್ತಾರೆ. ಜಿಗುಟು ಮಣ್ಣಿನಲ್ಲಿ ಎಳೆತದ ಭಾರ ಏರಿಳಿಯುತ್ತಿರುತ್ತದೆ. ಚಾಲಕ ಕ್ಲಚ್ ಪೆಡಲಿನ ಮೇಲೆ ಪಾದವನ್ನು ಇಟ್ಟುಕೊಂಡೇ ಓಡಿಸಿದರೆ ಪ್ಲೇಟ್ ಜಾರಿ ಕಾಯುತ್ತದೆ, ಬೇಗ ಸವೆಯುತ್ತದೆ. ಕೆಸರು ನೀರು ಕವಚದೊಳಗೆ ನುಗ್ಗಿದರೆ ಸ್ಪ್ಲೈನ್ ಮತ್ತು ಪಿನ್ನುಗಳು ತುಕ್ಕು ಹಿಡಿಯುತ್ತವೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ತಡವಾಗಿ ತಲುಪುವುದು ಹಳೆಯ ದೂರು. ನೀರು ಬಂದ ದಿನಗಳಲ್ಲೇ ಟ್ರ್ಯಾಕ್ಟರ್ ನಿಂತುಬಿಟ್ಟರೆ ರೈತನಿಗೂ ಮೇಸ್ತ್ರಿಗೂ ಆತುರ ಸಹಜ. ಕವಚ ಸೀಳುವುದು ಬಹುತೇಕ ಇಂಥ ಆತುರದಲ್ಲಿಯೇ. ಎರಕದ ಕಬ್ಬಿಣ ಬಿರುಕುಬಿಟ್ಟರೆ ಬೆಸುಗೆ ಸುಲಭವಲ್ಲ. ಸರಿಯಾಗಿ ಕಾಯಿಸಿ, ನಿಧಾನವಾಗಿ ಆರಿಸದಿದ್ದರೆ ಮತ್ತೆ ಒಡೆಯುತ್ತದೆ.

ಕಾರಿನಂತೆ ಟ್ರ್ಯಾಕ್ಟರಿಗೆ ಪ್ರತ್ಯೇಕ ಚೌಕಟ್ಟು ಹೆಚ್ಚಾಗಿ ಇರುವುದಿಲ್ಲ. ಎಂಜಿನ್, ಕ್ಲಚ್ ಕವಚ, ಗೇರ್‌ಪೆಟ್ಟಿಗೆಗಳೇ ಒಂದಕ್ಕೊಂದು ಕೂಡಿ ಅದರ ಬೆನ್ನೆಲುಬಾಗುತ್ತವೆ. ಆದುದರಿಂದ ಇಲ್ಲಿ ಕವಚ ಬಿಡಿಸುವುದೆಂದರೆ ಇಡೀ ವಾಹನವನ್ನು ನಡುವಿನಲ್ಲಿ ಎರಡು ಭಾಗ ಮಾಡುವುದು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುವಂತಿರುತ್ತದೆ. ಬಿಡಿಸಿದ ಕೂಡಲೇ ಎಂಜಿನ್ ಭಾಗ ಪಕ್ಕಕ್ಕೆ ಉರುಳಬಲ್ಲದು. ಆಕ್ಸಲಿನ ಎರಡೂ ಬದಿಗೆ ಮರದ ಬೆಣೆ ಬಿಗಿಯದೆ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡದೆ, ಎರಡೂ ಭಾಗಗಳನ್ನು ಗಟ್ಟಿ ನೆಲದಲ್ಲಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಯಾರೂ ನಡುವೆ ಕೈ ಹಾಕಬಾರದು. ಜ್ಯಾಕ್ ಎತ್ತುವ ಸಾಧನವೇ ಹೊರತು ಆಧಾರವಲ್ಲ.

ಬಿಡಿಸುವ ಕ್ರಮ

ಪಿನ್ನುಗಳ ಸುತ್ತ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಕಾಯಬೇಕು. ಎರಡು ಬೋಲ್ಟುಗಳ ಜಾಗದಲ್ಲಿ ತಲೆಯಿಲ್ಲದ ಉದ್ದ ಸ್ಟಡ್ಡುಗಳನ್ನು ತಿರುಪಿದರೆ ಕವಚ ನೇರವಾಗಿ ಜಾರಲು ಹಳಿ ಸಿಕ್ಕಂತಾಗುತ್ತದೆ. ನಂತರ ಮರದ ತುಂಡನ್ನು ಅಡ್ಡವಿಟ್ಟು ಸುತ್ತಲೂ ಲಘುವಾಗಿ ತಟ್ಟಬೇಕು. ಕೆಲವು ಕವಚಗಳಲ್ಲಿ ತಳ್ಳುವ ಬೋಲ್ಟಿಗಾಗಿಯೇ ಮರೆ ಕೊರೆದ ರಂಧ್ರಗಳಿರುತ್ತವೆ. ಅವುಗಳನ್ನು ಎರಡೂ ಬದಿ ಸರದಿಯಂತೆ ಕಾಲು ಸುತ್ತು ತಿರುಗಿಸುವುದು ಎಲ್ಲಕ್ಕಿಂತ ಸುರಕ್ಷಿತ. ಬಿರುಕು ಕಾಣಿಸಿದ ಮೇಲೆ ಅದರ ಅಗಲ ಸುತ್ತಲೂ ಸಮನಾಗಿದೆಯೇ ಎಂದು ನೋಡುತ್ತಿರಬೇಕು. ಒಂದು ಬದಿ ಹೆಚ್ಚು ತೆರೆದರೆ ಪಿನ್ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಹಿಂದಕ್ಕೆ ಒತ್ತಿ ಮತ್ತೆ ಆರಂಭಿಸುವುದೇ ದಾರಿ. ಕೂಡುವ ಮುಖಗಳ ನಡುವೆ ಉಳಿ ಹೊಡೆದರೆ ಎದ್ದ ಮುಳ್ಳುಗಳಿಂದ ಮರುಜೋಡಣೆ ಓರೆಯಾಗುತ್ತದೆ.

ಗೇರ್‌ಪೆಟ್ಟಿಗೆಯ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಲು ಬಿಡಬಾರದು. ಬಿಚ್ಚುವಾಗ ಹಳೆಯ ಪ್ಲೇಟಿನ ನಡುಭಾಗ ಬಾಗಿದರೆ ಚಿಂತೆಯಿಲ್ಲ, ಜೋಡಿಸುವಾಗ ಹೊಸದು ಬಾಗಿದರೆ ಇಡೀ ಕೆಲಸ ವ್ಯರ್ಥ. ಮರುಜೋಡಣೆಯಲ್ಲಿ ಕೊನೆಯ ಬೆರಳಗಲದ ಅಂತರವನ್ನು ಬೋಲ್ಟ್ ಬಿಗಿದು ಮುಚ್ಚುವ ಅಭ್ಯಾಸ ಕೆಟ್ಟದ್ದು. ಸ್ಪ್ಲೈನ್ ಕೂಡಿಲ್ಲವೆಂಬುದೇ ಆ ಅಂತರದ ಅರ್ಥ. ಫ್ಲೈವೀಲನ್ನು ತುಸು ತಿರುಗಿಸಿದರೆ ಅದು ತಾನಾಗಿ ಸೇರುತ್ತದೆ. ಡಬಲ್ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪಿಟಿಓ ಶಾಫ್ಟಿನ ಸ್ಪ್ಲೈನೂ ಜೊತೆಗೇ ಕೂಡಬೇಕಾದ್ದರಿಂದ ತಾಳ್ಮೆ ಇಮ್ಮಡಿ ಬೇಕು.

ಧೂಳು ಮತ್ತು ರಂಧ್ರ

ಹಳೆಯ ಕ್ಲಚ್ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಕವಚದೊಳಗಿನ ಕಪ್ಪು ಧೂಳನ್ನು ಗಾಳಿಯ ಕೊಳವೆಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕವಚ ತೆರೆದಿರುವಾಗಲೇ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಎಣ್ಣೆ ಸೀಲು, ಗೇರ್‌ಪೆಟ್ಟಿಗೆಯ ಮುಂದಿನ ಸೀಲು ಮತ್ತು ರಿಲೀಸ್ ಬೇರಿಂಗನ್ನು ಪರೀಕ್ಷಿಸುವುದು ಲಾಭಕರ, ಏಕೆಂದರೆ ಅವುಗಳ ಬೆಲೆಗಿಂತ ಮತ್ತೊಮ್ಮೆ ಬಿಚ್ಚುವ ಕೂಲಿಯೇ ಹೆಚ್ಚು. ಹಲವು ಕವಚಗಳ ತಳದಲ್ಲಿ ಒಂದು ಸಣ್ಣ ರಂಧ್ರವಿದ್ದು, ಸೋರಿದ ಎಣ್ಣೆ ಮತ್ತು ನೀರು ಅದರಿಂದ ಹೊರಹೋಗುತ್ತದೆ. ಕೆಲವದರಲ್ಲಿ ಅದು ಕಟ್ಟದಿರಲೆಂದು ಸಡಿಲವಾದ ಸೀಳುಪಿನ್ ತೂಗಿಬಿಟ್ಟಿರುತ್ತಾರೆ. ಲ್ಯಾಂಡ್ ರೋವರ್ ವಾಹನಗಳಲ್ಲಿ ಆಳದ ನೀರು ದಾಟುವ ಮುನ್ನ ಈ ರಂಧ್ರಕ್ಕೆ ತಿರುಪು ಬಿರಡೆ ಹಾಕಿ, ಅನಂತರ ತೆಗೆಯುವ ಏರ್ಪಾಡಿದೆ. ಕೆಸರುಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರಿನಲ್ಲಿ ಈ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿದ್ದರೆ ತಂತಿಯಿಂದ ಚುಚ್ಚಿ ತೆರೆಯಬೇಕು.